ಲಿನಕ್ಸೂ ನಮ್ಮ ಸಂಘದ ಡಿಸ್ಕೂ
(ಸಂಘದ ತಿಂಗಳ ಕೂಟದಲ್ಲಿ ಮಾಡಿದ ಭಾಷಣ)



ಬ್ಯಾಂಕಿನ ಗುಮಾಸ್ತರಾದ ನಮಗೆ ಕಂಪ್ಯೂಟರ್ ಶಾಸ್ತ್ರವನ್ನು ಕುರಿತು ಮಾತನಾಡುವ ಅಧಿಕಾರವಿಲ್ಲ. ನಾವು ಓದಿದ್ದು ಬಿ.ಕಾಂ.; ಜಮಾಖರ್ಚಿನ ಆಚೆಗೆ ನಮ್ಮ ವಿದ್ಯೆ ಹೋಗದು. ಆದರೆ ಕಾರ್ಯದರ್ಶಿಗಳು ಬಿಡಲೊಲ್ಲರು. ಸಂಘದ ಡಿಸ್ಕನ್ನು ಇನ್ನೇನು ಅಳಿಸಿಬಿಡುವುದರಲ್ಲಿದ್ದವರು ನೀವೇ, ಆದುದರಿಂದ ಆ ಕಥೆಯನ್ನು ನೀವೇ ಹೇಳತಕ್ಕದ್ದು ಎಂದು ಅವರ ತೀರ್ಪು.

ಸಂಘದ ಕಂಪ್ಯೂಟರ್ ಹಳೆಯದೆಂಬುದನ್ನು ತಾವೆಲ್ಲ ಬಲ್ಲಿರಿ. 2025ನೆಯ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಹೊಸ ವಿಂಡೋಸನ್ನು ಹೊರುವ ಶಕ್ತಿ ಆ ಯಂತ್ರಕ್ಕಿಲ್ಲ. ಹೊಸ ಯಂತ್ರ ಕೊಳ್ಳುವ ಶಕ್ತಿ ಸಂಘಕ್ಕಿಲ್ಲ. ಆದುದರಿಂದ ಲಿನಕ್ಸ್ ಹಾಕಿದೆವು. ಇದರ ತಿರುಳನ್ನು 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಬರೆದು ಲೋಕಕ್ಕೆ ಹಂಚಿದರು. ಇಂದಿಗೂ ಪುಕ್ಕಟೆ ಸಿಗುತ್ತದೆ. ಖಜಾಂಚಿಗಳು ಮರುಮಾತಿಲ್ಲದೆ ಒಪ್ಪಿದ ಸಂಗತಿ ಇದೊಂದೇ.

ಇನ್ನು ಹಳೆಯ ಡಿಸ್ಕು. 500 ಜಿಬಿಯದು. ಸಂಘದ ನಾಟಕಗಳು, ಹಿರಿಯರ ಭಾಷಣಗಳು ಎಲ್ಲವೂ ಅದರಲ್ಲಿ. ಆ ದನಿಗಳಲ್ಲಿ ಅನೇಕರು ಇಂದು ನಮ್ಮೊಡನಿಲ್ಲ. ಬೇರೆ ಪ್ರತಿಯೂ ಇರಲಿಲ್ಲ. ಈಚೆಗೆ ಅದು ಕಟಕಟನೆ ಸದ್ದು ಮಾಡತೊಡಗಿತ್ತು. ಗಾಬರಿಯಿಂದ 1 ಟಿಬಿಯ ಹೊಸ ಡಿಸ್ಕೊಂದನ್ನು ತಂದೆವು.

ವಿಂಡೋಸಿನಲ್ಲಿ ಡಿಸ್ಕು ಚುಚ್ಚಿದೊಡನೆ ಡಿ ಎಂದೊ ಇ ಎಂದೊ ಒಂದು ಅಕ್ಷರ ಬರುವುದು. ಲಿನಕ್ಸಿನಲ್ಲಿ ಹಾಗಿಲ್ಲ. ಯಂತ್ರ ತಾನು ಕಂಡ ಡಿಸ್ಕುಗಳನ್ನು ಎಸ್‌ಡಿಎ, ಎಸ್‌ಡಿಬಿ, ಎಸ್‌ಡಿಸಿ ಎಂದು ಕರೆಯುತ್ತದೆ. ಡಿಸ್ಕನ್ನು ಒಂದು ಖಾಲಿ ಫೋಲ್ಡರಿಗೆ ಜೋಡಿಸಿದ ಮೇಲೆಯೇ ಅದರ ಕಡತಗಳು ಕಾಣುವುವು; ಈ ಜೋಡಣೆಗೆ ಮೌಂಟ್ ಎಂದು ಹೆಸರು. ಎಲ್‌ಎಸ್‌ಬಿಎಲ್‌ಕೆ ಎಂದು ಟೈಪು ಮಾಡಿದರೆ ಇದ್ದ ಡಿಸ್ಕುಗಳ ಪಟ್ಟಿಯೆಲ್ಲ ಬರುತ್ತದೆ. ಹೊಸದರ ಮುಂದೆ 931.5 ಎಂದಿತ್ತು! ಅಂಗಡಿಯವನೊಡನೆ ಜಗಳಕ್ಕೆ ಹೊರಟೇಬಿಟ್ಟಿದ್ದೆವು. ಮಾರುವವರು ಸಾವಿರದ ಲೆಕ್ಕದಲ್ಲಿಯೂ ಲಿನಕ್ಸು 1024ರ ಲೆಕ್ಕದಲ್ಲಿಯೂ ಎಣಿಸುವರೆಂದು ಪುಣ್ಯಕ್ಕೆ ದಾರಿಯಲ್ಲಿ ತಿಳಿಯಿತು.

ಮೊದಲ ದಿನ ಹೊಸ ಡಿಸ್ಕು ಎಸ್‌ಡಿಬಿ ಆಗಿತ್ತು. ಹಾಗೆಂದು ಚೀಟಿಯಲ್ಲಿ ಬರೆದುಕೊಂಡು, ಅದರಲ್ಲಿ ಒಂದು ವಿಭಾಗ ಮಾಡಿ, ಕೊನೆಯ ಲೋಕಲ್ ಹಿಡಿಯಲು ಓಡಿದೆವು. ಮರುದಿನ ಯಂತ್ರವನ್ನು ಹೊಸದಾಗಿ ಚಾಲೂ ಮಾಡಿ, ಚೀಟಿ ನೋಡಿ, ಎಂಕೆಎಫ್‌ಎಸ್ ಆಜ್ಞೆ ಕೊಟ್ಟೆವು. ಇದು ಹೊಸ ಲೆಡ್ಜರಿಗೆ ಗೆರೆ ಎಳೆದಂತೆ ಡಿಸ್ಕನ್ನು ಇಎಕ್ಸ್‌ಟಿ4 ಪದ್ಧತಿಗೆ ಸಿದ್ಧಪಡಿಸುತ್ತದೆ. ಮೊದಲಿದ್ದ ಲೆಕ್ಕದ ಗತಿ ದೇವರಿಗೇ ಪ್ರೀತಿ. ಯಂತ್ರ ಕೇಳಿತು: ಇದರಲ್ಲಿ ಎನ್‌ಟಿಎಫ್‌ಎಸ್ ಪದ್ಧತಿಯ ಕಡತಗಳ ವ್ಯವಸ್ಥೆಯುಂಟು, ಆದರೂ ಮುಂದುವರಿಯಲೆ? ಅಂಗಡಿಯಿಂದಲೇ ಹಾಗೆ ಬಂದಿದ್ದೀತೆಂದು ನಾವು ವೈ ಕೀಲಿಯ ಮೇಲೆ ಬೆರಳಿಟ್ಟಿದ್ದೆವು. ಪಕ್ಕದಲ್ಲಿದ್ದ ಧಾರವಾಡದ ಮಿತ್ರರು, "ತಡೀರಿ, ಹೆಸರು ನೋಡ್ರಿ" ಎಂದರು. ಆ ಪ್ರಶ್ನೆಯಲ್ಲಿಯೇ ಡಿಸ್ಕಿನ ಹೆಸರೂ ಇತ್ತು: 'ನಾಟಕ'.

ಅಂದು ಬೆಳಿಗ್ಗೆ ಹಳೆಯ ಡಿಸ್ಕು ಯಂತ್ರಕ್ಕೆ ಮೊದಲು ಕಂಡಿತ್ತು, ಹೆಸರುಗಳು ಅದಲುಬದಲಾಗಿದ್ದುವು. ಎಸ್‌ಡಿಬಿ ಎಂಬುದು ನಮ್ಮ ಕೌಂಟರಿನ ಟೋಕನ್ ಸಂಖ್ಯೆಯಂತೆ, ಮೊದಲು ಬಂದವರಿಗೆ ಮೊದಲನೆಯದು. ನಿನ್ನೆಯ ಟೋಕನ್ ಹಿಡಿದು ಇಂದು ಹಣ ಕೊಟ್ಟರೆ ಗುಮಾಸ್ತನ ಕೆಲಸ ಹೋದೀತು. ಖಾತೆ ಸಂಖ್ಯೆ ಬೇರೆಯೇ ಉಂಟು. ಅದಕ್ಕೆ ಯುಯುಐಡಿ ಎನ್ನುವರು. ಬಿಎಲ್‌ಕೆಐಡಿ ಎಂಬ ಆಜ್ಞೆ ಅದನ್ನು ತೋರಿಸುತ್ತದೆ. ಮತ್ತೆ ಗೆರೆ ಎಳೆಯುವವರೆಗೆ ಅದು ಬದಲಾಗದು. ಯಂತ್ರ ಎದ್ದಾಗಲೆಲ್ಲ ಡಿಸ್ಕು ತಾನಾಗಿ ಜೋಡಣೆಯಾಗಲೆಂದು ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಬರೆಯುವಾಗಲೂ ಇದನ್ನೇ ಬರೆದೆವು. ಗೆರೆ ಎಳೆಯುವ ಮುನ್ನ ಗಾತ್ರವನ್ನೂ ತಯಾರಕರ ಹೆಸರನ್ನೂ ಇಬ್ಬರು ಓದಿ ಒಪ್ಪಬೇಕೆಂಬ ನಿಯಮವನ್ನೂ ಮಾಡಿಕೊಂಡೆವು.

ಆಮೇಲಿನದು ಸುಲಭ. ಹಳೆಯದನ್ನು ಓದಲು ಮಾತ್ರ ಎಂಬ ಕಟ್ಟಳೆಯಿಂದ ಜೋಡಿಸಿದೆವು. ಹೊಸದು ಒಂದು ಕಡತವನ್ನೂ ಒಳಗೆ ಬಿಟ್ಟುಕೊಳ್ಳಲಿಲ್ಲ. ಸಿದ್ಧಪಡಿಸಿದ್ದು ಮೇಲಧಿಕಾರಿಯ ಹೆಸರಿನಲ್ಲಿ, ಒಡೆತನವೂ ಅವನದೇ! ಸಿಎಚ್‌ಓನ್ ಆಜ್ಞೆಯಿಂದ ಅದನ್ನು ನಮ್ಮ ಹೆಸರಿಗೆ ವರ್ಗ ಮಾಡಿಕೊಂಡೆವು. ಇಎಕ್ಸ್‌ಟಿ4 ನೂರಕ್ಕೆ 5 ಪಾಲು ಸ್ಥಳವನ್ನು ಆ ಅಧಿಕಾರಿಗೆಂದೇ ಕಾದಿರಿಸುತ್ತದೆ. ರಿಸರ್ವ್ ಬ್ಯಾಂಕಿನಲ್ಲಿ ಇಡುವ ನಗದು ಮೀಸಲನ್ನು ಬಲ್ಲ ನಮಗೆ ಇದೇನೂ ಹೊಸತೆನಿಸಲಿಲ್ಲ.

ಪ್ರತಿ ಮಾಡಿ, ಎರಡೂ ಕಡೆಯ ಕಡತಗಳನ್ನು ತಾಳೆ ನೋಡಿದೆವು. ಒಂದೂ ಕಡಮೆಯಿರಲಿಲ್ಲ. ಹಳೆಯ ಡಿಸ್ಕು ಸಂಘದ ಬೀರುವಿನಲ್ಲಿದೆ. ಅದಕ್ಕೆ ಕೆಂಪು ಚೀಟಿ ಅಂಟಿಸಿ, ಯುಯುಐಡಿಯನ್ನು ಬರೆದು, ಬೀಗದ ಕೈಯನ್ನು ಧಾರವಾಡದ ಮಿತ್ರರ ವಶಕ್ಕೆ ಕೊಟ್ಟಿದ್ದೇವೆ.