ತಂದೆ ಬದುಕಿರುವ ಅನಾಥರು

(ಮೊಹಲ್ಲಾದ ಕುಟುಂಬ ಸಭೆಯೊಂದರಲ್ಲಿ ಮಾಡಿದ ಭಾಷಣ)



ಯತೀಮ್ ಎಂಬ ಪದ ಕೇಳಿದೊಡನೆ ನಮ್ಮ ಹೃದಯ ಕರಗುತ್ತದೆ. ರಮಝಾನ್‌ನಲ್ಲಿ ಅನಾಥರಿಗಾಗಿ ನಾವು ಧಾರಾಳವಾಗಿ ಕೊಡುತ್ತೇವೆ. ಆದರೆ ತಂದೆ ಬದುಕಿದ್ದೂ ಅನಾಥರಾದ ಮಕ್ಕಳು ನಮ್ಮ ಬೀದಿಗಳಲ್ಲೇ ಇದ್ದಾರೆ. ತಂದೆ ಮದ್ಯಕ್ಕೋ ಗಾಂಜಾಕ್ಕೋ ದಾಸನಾಗಿದ್ದಾನೆ. ತಾಯಿ ಹೊಡೆತ ತಿಂದು ಹಾಸಿಗೆ ಹಿಡಿದಿದ್ದಾಳೆ, ಇಲ್ಲವೇ ಮನೆ ಬಿಟ್ಟಿದ್ದಾಳೆ. ಮಕ್ಕಳನ್ನು ನಾನಿಯೋ ದಾದಿಯೋ ಖಾಲಾಳೋ ಸಾಕುತ್ತಿದ್ದಾರೆ. ಧರ್ಮಶಾಸ್ತ್ರದ ಪ್ರಕಾರ, ಪ್ರಾಯಕ್ಕೆ ಬರುವ ಮೊದಲೇ ತಂದೆಯನ್ನು ಕಳೆದುಕೊಂಡ ಮಗುವೇ ಯತೀಮ್. ಹೀಗಾಗಿ ಈ ಮಕ್ಕಳು ನಮ್ಮ ಅನಾಥ ನಿಧಿಗಳ ಪಟ್ಟಿಯಿಂದ ಹೊರಗುಳಿಯುತ್ತಾರೆ.

ಇಂತಹ ಒಂದು ಮನೆಗೆ ನಾವು ಹೋಗಿದ್ದೆವು. ಅರವತ್ತು ದಾಟಿದ ನಾನಿಯೊಬ್ಬರು ಬೀಡಿ ಕಟ್ಟಿ ಮೂವರು ಮೊಮ್ಮಕ್ಕಳನ್ನು ಸಾಕುತ್ತಿದ್ದಾರೆ. ಏಳು ವರ್ಷದ ಹುಡುಗ ದಿಂಬಿನಡಿ ರೊಟ್ಟಿ ಬಚ್ಚಿಡುತ್ತಾನೆ. ಯಾರಾದರೂ ಬಾಗಿಲು ಬಡಿದರೆ ಮಂಚದ ಕೆಳಗೆ ನುಸುಳುತ್ತಾನೆ. "ಕಳ್ಳಬುದ್ಧಿ, ತಂದೆಯ ರಕ್ತ" ಎಂದು ನೆರೆಯವರು ಹೇಳುತ್ತಾರೆ. ಅದು ರಕ್ತದ ಗುಣವಲ್ಲ, ಹಸಿವು ಮತ್ತು ಭಯದ ನೆನಪು. ಆ ತಾಯಿ ನಮ್ಮಲ್ಲಿ ಹಣ ಕೇಳಲಿಲ್ಲ. "ಬೇಟಾ, ಮದುವೆಗೆ ಕರೆಯುವವರು ಈ ಮಕ್ಕಳನ್ನೂ ಕರೆಯಲಿ ಎಂದು ಜಮಾಅತಿನವರಿಗೆ ಹೇಳಿ" ಎಂದರು. ನಾವು ತಲೆತಗ್ಗಿಸಿದೆವು.

ಬುಖಾರಿಯಲ್ಲಿ ವರದಿಯಾದ ಘಟನೆಯೊಂದಿದೆ. ಹಿಜರಿ 7ರಲ್ಲಿ ಪ್ರವಾದಿವರ್ಯರು(ಸ) ಉಮ್ರಾ ಮುಗಿಸಿ ಮಕ್ಕಾದಿಂದ ಹೊರಟಾಗ, ಉಹುದ್‌ನಲ್ಲಿ ಹುತಾತ್ಮರಾದ ಹಂಝಾರ(ರ) ಪುಟ್ಟ ಮಗಳು ಹಿಂಬಾಲಿಸಿ ಬಂದಳು. ಅಲಿ, ಝೈದ್ ಮತ್ತು ಜಅಫರ್(ರ) ಮೂವರೂ ತಾನೇ ಸಾಕುವೆನೆಂದು ವಾದಿಸಿದರು. ಜಅಫರರ ಪತ್ನಿ ಆ ಮಗುವಿನ ಖಾಲಾ. ಖಾಲಾ ತಾಯಿಯ ಸ್ಥಾನದಲ್ಲಿದ್ದಾಳೆಂದು ತಿಳಿಸಿ ಪ್ರವಾದಿವರ್ಯರು(ಸ) ಮಗುವನ್ನು ಆಕೆಗೇ ಒಪ್ಪಿಸಿದರು. ಅಂದು ಅವರು ಮಗುವನ್ನು ಪಡೆಯಲು ವಾದಿಸಿದರು. ಇಂದು ನಾವು ಜವಾಬ್ದಾರಿಯಿಂದ ನುಣುಚಿಕೊಳ್ಳಲು ವಾದಿಸುತ್ತೇವೆ. ಒಬ್ಬ ವೃದ್ಧೆಯ ಹೆಗಲಿಗೆ ಹೊರೆಯನ್ನು ಹೊರಿಸಿ, "ಸ್ವರ್ಗ ಸಂಪಾದಿಸುತ್ತಿದ್ದಾರೆ" ಎಂದು ಹೊಗಳಿ ಕೈತೊಳೆದುಕೊಳ್ಳುತ್ತೇವೆ.

ಹೊಗಳಿಕೆಯಿಂದ ಒಲೆ ಉರಿಯದು. ನಾವು ಮಾಡಬೇಕಾದುದೇನು? ಮೊದಲನೆಯದಾಗಿ, ನಾಲಗೆಗೆ ಕಡಿವಾಣ ಹಾಕೋಣ. ಮಗುವಿನ ಮುಂದೆ ಅದರ ತಂದೆಯನ್ನು ನಿಂದಿಸದಿರೋಣ. ಮದ್ರಸದಲ್ಲಿ ತೂಕಡಿಸುವ ಮಗುವಿಗೆ ಬೆತ್ತ ತೋರಿಸುವ ಮುನ್ನ, ರಾತ್ರಿ ನಿದ್ರಿಸಿತ್ತೇ ಎಂದು ಉಸ್ತಾದರು ಕೇಳಲಿ. ಎರಡನೆಯದಾಗಿ, ಸಾಕುವವರು ಬಡವರಾಗಿದ್ದರೆ ಅವರು ಝಕಾತಿಗೆ ಅರ್ಹರು. ಅನಾಥ ನಿಧಿಯ ಪಟ್ಟಿಯಲ್ಲಿಲ್ಲ ಎಂಬುದು ನೆಪವಾಗಬಾರದು. ಮೂರನೆಯದಾಗಿ, ವಾರಕ್ಕೊಂದು ಮಧ್ಯಾಹ್ನ ಆ ಮಕ್ಕಳನ್ನು ನಮ್ಮ ಮನೆಗೆ ಕರೆತರೋಣ. ಆ ವೃದ್ಧೆಗೆ ಆಸ್ಪತ್ರೆಗೆ ಹೋಗಲು, ಒಂದಿಷ್ಟು ಮಲಗಲು ಬಿಡುವು ಸಿಗಲಿ.

ಸರಕಾರದಿಂದ ದೊರೆಯಬೇಕಾದುದನ್ನೂ ಪಡೆಯಬೇಕು. ಮಿಷನ್ ವಾತ್ಸಲ್ಯ ಯೋಜನೆಯ ಪ್ರಾಯೋಜಕತ್ವದಡಿ ಮಗುವಿಗೆ ತಿಂಗಳಿಗೆ 4,000 ರೂಪಾಯಿ ನೀಡಲು 2022ರ ಮಾರ್ಗಸೂಚಿಯಲ್ಲಿ ಅವಕಾಶವಿದೆ. ಹೆತ್ತವರು ಸತ್ತಿರಬೇಕೆಂದಿಲ್ಲ, ಸಾಕಲು ಅಸಮರ್ಥರಾಗಿದ್ದರೂ ಅರ್ಜಿ ಹಾಕಬಹುದು. ಈ ಮಾರ್ಗಸೂಚಿಯಂತೆ ಕುಟುಂಬದ ವಾರ್ಷಿಕ ಆದಾಯ ಪಟ್ಟಣದಲ್ಲಿ 96,000, ಗ್ರಾಮದಲ್ಲಿ 72,000 ರೂಪಾಯಿ ಮೀರಬಾರದು. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಬೇಕು. ಓದುಬರಹ ಬಲ್ಲ ನಮ್ಮ ಯುವಕರು ಆ ನಾನಿಯ ಜೊತೆ ಕಚೇರಿಗೆ ಹೋಗಲಿ. ಮಗು ಅಪಾಯದಲ್ಲಿದ್ದರೆ 1098ಕ್ಕೂ, ಮನಸ್ಸಿನ ಸಂಕಟಕ್ಕೆ ಟೆಲಿ ಮಾನಸ್‌ನ 14416ಕ್ಕೂ ಕರೆ ಮಾಡಬಹುದು.

ಆ ತಂದೆಯನ್ನೂ ಕೈಬಿಡಬಾರದು. ಅಮಲು ಪಾಪ, ನಿಜ. ಆದರೆ ಅದಕ್ಕೆ ದಾಸನಾಗುವುದು ಚಿಕಿತ್ಸೆ ಬೇಕಾದ ಕಾಯಿಲೆಯೂ ಹೌದು. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446. ಆದರೆ ಅಮಲಿನಲ್ಲಿ ಬಂದವನಿಗೆ ಮಕ್ಕಳನ್ನು ಒಪ್ಪಿಸಬೇಕಾಗಿಲ್ಲ. ಬಾಗಿಲಲ್ಲಿ ನಾವೂ ಆ ವೃದ್ಧೆಯ ಜೊತೆ ನಿಲ್ಲೋಣ.

ಆಳುವವರಿಗೂ ಒಂದು ಮಾತು. ಪಾನನಿಷೇಧಕ್ಕೆ ಶ್ರಮಿಸಬೇಕೆಂದು ಸಂವಿಧಾನದ 47ನೇ ವಿಧಿ ಹೇಳುತ್ತದೆ. ಕರ್ನಾಟಕದಲ್ಲಿ 2007ರಲ್ಲಿ ಸಾರಾಯಿ ನಿಂತಿತು, ಮದ್ಯ ನಿಲ್ಲಲಿಲ್ಲ. ಬೊಕ್ಕಸ ತುಂಬುವ ಅಬಕಾರಿ ಆದಾಯದ ಬೆಲೆಯನ್ನು ಈ ಅಜ್ಜಿಯರು ತೆರುತ್ತಿದ್ದಾರೆ.

ಪ್ರವಾದಿವರ್ಯರನ್ನು(ಸ) ಅಜ್ಜ ಅಬ್ದುಲ್ ಮುತ್ತಲಿಬ್, ನಂತರ ದೊಡ್ಡಪ್ಪ ಅಬೂತಾಲಿಬ್ ಸಾಕಿದರು. ಬಂಧುಗಳ ಮಡಿಲಲ್ಲಿ ಬೆಳೆದವರ ಅನುಯಾಯಿಗಳು ನಾವು. ಮುಂದಿನ ಮದುವೆಯ ಆಮಂತ್ರಣವನ್ನು ಮೊದಲು ಆ ನಾನಿಯ ಮನೆಗೆ ತಲುಪಿಸೋಣ. ಅಲ್ಲಾಹನು ಅನುಗ್ರಹಿಸಲಿ, ಆಮೀನ್.