ಬಾವುಟ ಹಿಡಿದು ನಿಂತವರು

(ನಮ್ಮ ಮಹಿಳಾ ವೇದಿಕೆಯ ವಾರ್ಷಿಕ ಕೂಟದಲ್ಲಿ ಆಡಿದ ಮಾತುಗಳ ಬರಹರೂಪ)

ವೇದಿಕೆಯ ಮೇಲಿರುವ ಹಿರಿಯರಿಗೆ, ಎದುರು ಕುಳಿತಿರುವ ಅಕ್ಕ ತಂಗಿಯರಿಗೆ, ಹಿಂದಿನ ಕೋಣೆಯಲ್ಲಿ ತಟ್ಟೆ ಲೋಟ ಜೋಡಿಸುತ್ತಾ ಈ ಮಾತನ್ನು ಸ್ಪೀಕರಿನಲ್ಲಿ ಮಾತ್ರ ಕೇಳಿಸಿಕೊಳ್ಳುತ್ತಿರುವವರಿಗೆ ನನ್ನ ನಮಸ್ಕಾರ. ಕೊನೆಯಲ್ಲಿ ಹೇಳಿದವರನ್ನು ಕುರಿತೇ ಇವತ್ತಿನ ನನ್ನ ಮಾತು.

ಸ್ವಯಂಸೇವೆಯ ಬಗ್ಗೆ ಹತ್ತು ನಿಮಿಷ ಮಾತಾಡಬೇಕು ಅಂತ ನಮ್ಮ ಕಾರ್ಯದರ್ಶಿ ಅಕ್ಕ ಹೇಳಿದರು. "ಸರಿ ಅಕ್ಕಾ, ಗೋ-ಕಾರ್ಟ್ ರೇಸಿನ ಬಗ್ಗೆ ಮಾತಾಡ್ತೀನಿ" ಅಂದೆ. ಫೋನಿನ ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ನೀನು ಏನು ಮಾತಾಡಿದ್ರೂ ಊಟಕ್ಕೆ ಮುಂಚೆ ಮುಗಿಸಮ್ಮ" ಅಂದರು. ಮುಗಿಸುತ್ತೇನೆ.

ಗೋ-ಕಾರ್ಟ್ ನಿಮಗೆ ಹೊಸದಲ್ಲ. ಇಸಿಆರ್ ಕಡೆ ಹೋದಾಗ ಮಕ್ಕಳು ಹಟ ಮಾಡಿ ಓಡಿಸುತ್ತಾರಲ್ಲ, ಆ ಪುಟ್ಟ ಬಂಡಿ. 1956ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆರ್ಟ್ ಇಂಗಲ್ಸ್ ಎಂಬ ಮೆಕ್ಯಾನಿಕ್ ಹುಲ್ಲು ಕತ್ತರಿಸುವ ಯಂತ್ರದ ಇಂಜಿನ್ನನ್ನು ಕಬ್ಬಿಣದ ಕೊಳವೆಗಳ ಚೌಕಟ್ಟಿಗೆ ಕೂರಿಸಿ ಮೊದಲ ಕಾರ್ಟ್ ಮಾಡಿದ. ಇವತ್ತಿಗೂ ಅದು ಅಷ್ಟೇ ಸರಳ. ಸಸ್ಪೆನ್ಶನ್ ಇಲ್ಲ, ಬಾಗಿಲಿಲ್ಲ, ಮೇಲೆ ಚಾವಣಿ ಇಲ್ಲ. ನೆಲಕ್ಕೆ ನಾಲ್ಕು ಬೆರಳು ಎತ್ತರದಲ್ಲಿ ಕೂತು ಓಡಿಸುವುದು. ಫಾರ್ಮುಲಾ ಒನ್ ಗೆದ್ದ ಸೆನ್ನಾ, ಶೂಮಾಕರ್ ಇಬ್ಬರೂ ಶುರು ಮಾಡಿದ್ದು ಇದರಲ್ಲೇ. ಶೂಮಾಕರ್ ಬೆಳೆದ ಕೆರ್ಪೆನ್ ಊರಿನ ಕಾರ್ಟ್ ಟ್ರ್ಯಾಕಿನಲ್ಲಿ ಅಪ್ಪ ಟ್ರ್ಯಾಕ್ ನೋಡಿಕೊಳ್ಳುತ್ತಿದ್ದರು, ಅಮ್ಮ ಕ್ಯಾಂಟೀನ್ ನಡೆಸುತ್ತಿದ್ದರು. ಏಳು ಬಾರಿ ವಿಶ್ವ ಚಾಂಪಿಯನ್ ಆದ ಮಗನ ಹಿಂದೆಯೂ ತಿಂಡಿ ಮಾಡಿ ಬಡಿಸಿದ ಅಮ್ಮ ಇದ್ದಾರೆ, ನೋಡಿ.

ನಮ್ಮ ಚೆನ್ನೈಗೂ ಈ ಆಟಕ್ಕೂ ಹಳೆಯ ನಂಟು. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಶುರುವಾದದ್ದು 1953ರಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಶೋಳಾವರಂನಲ್ಲಿ ಮಾಡಿದ್ದ ವಿಮಾನದ ರನ್‌ವೇ ಮೇಲೆ ಇವರು ರೇಸ್ ನಡೆಸುತ್ತಿದ್ದರು. 1990ರಲ್ಲಿ ಶ್ರೀಪೆರುಂಬುದೂರಿನ ಹತ್ತಿರ ಇರುಂಗಾಟ್ಟುಕೋಟ್ಟೈನಲ್ಲಿ ಸ್ವಂತ ಟ್ರ್ಯಾಕ್ ಆಯಿತು. ನಾವು ಬೆಂಗಳೂರಿಗೆ ಹೋಗುವ ಹೆದ್ದಾರಿಯ ಪಕ್ಕದಲ್ಲೇ ಇದೆ, ಬಸ್ಸಿನಲ್ಲಿ ನಿದ್ದೆ ಮಾಡುತ್ತಾ ದಾಟಿಬಿಡುತ್ತೇವೆ. ಈಗ ಕಾರ್ಟಿಂಗಿಗೆಂದೇ ಬೇರೆ ಟ್ರ್ಯಾಕ್ ಕೂಡ ಅಲ್ಲಿದೆ. ಇದೇ ಊರಿನ ಅಲಿಶಾ ಅಬ್ದುಲ್ಲಾ ಚಿಕ್ಕ ಹುಡುಗಿಯಾಗಿದ್ದಾಗ ಗೋ-ಕಾರ್ಟಿನಲ್ಲಿ ಶುರು ಮಾಡಿ ಬೈಕು, ಕಾರು ಎರಡರ ರೇಸಿಗೂ ಹೋದವರು. ನಮ್ಮ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬೈಕ್ ರ‍್ಯಾಲಿಯ ಬಾಹಾ ವಿಶ್ವಕಪ್ಪನ್ನು ಮಹಿಳೆಯರ ವಿಭಾಗದಲ್ಲಿ ಗೆದ್ದರು.

ಗೆದ್ದವರ ಹೆಸರು ಪೇಪರಿನಲ್ಲಿ ಬರುತ್ತದೆ. ನಾನು ಹೇಳಬೇಕೆಂದಿರುವುದು ಪೇಪರಿನಲ್ಲಿ ಬರದವರ ವಿಷಯ.

ಕೆಲವು ವರ್ಷಗಳ ಹಿಂದೆ ನನ್ನ ಅಕ್ಕನ ಮಗ ಬೇಸಿಗೆ ರಜೆಗೆ ಬಂದಿದ್ದ. ಆಫೀಸಿನ ಗೆಳತಿಯೊಬ್ಬಳು ಶನಿವಾರ ಭಾನುವಾರಗಳಲ್ಲಿ ಹವ್ಯಾಸಿಗಳ ಕಾರ್ಟ್ ರೇಸಿಗೆ ಮಾರ್ಷಲ್ ಆಗಿ ಹೋಗುತ್ತಿದ್ದಳು. ಹುಡುಗನಿಗೆ ತೋರಿಸೋಣ ಅಂತ ಅವಳ ಜೊತೆ ಹೋದೆವು. ಅವನು ಬಂಡಿ ನೋಡಿದ, ನಾನು ಮನುಷ್ಯರನ್ನು ನೋಡಿದೆ. ಪ್ರತಿ ತಿರುವಿನಲ್ಲೂ ಕಿತ್ತಳೆ ಬಣ್ಣದ ಅಂಗಿ ತೊಟ್ಟ ಇಬ್ಬರು ಮೂವರು. ಬ್ಯಾಂಕಿನಲ್ಲಿ ಕೆಲಸ ಮಾಡುವವರು, ಕಾಲೇಜು ಹುಡುಗರು, ನಿವೃತ್ತರಾದ ಒಬ್ಬ ಅಂಕಲ್, ಒಬ್ಬ ದಂತವೈದ್ಯೆ. ಕತ್ತಿರಿ ಬಿಸಿಲಿನಲ್ಲಿ ಬೆಳಗ್ಗೆಯಿಂದ ಸಂಜೆವರೆಗೆ ನಿಂತಿದ್ದಾರೆ. ಸಿಗುವುದು ಊಟದ ಪೊಟ್ಟಣ, ಮಜ್ಜಿಗೆ, ಒಂದು ಟೋಪಿ. "ಯಾಕೆ ಬರ್ತೀರಿ?" ಅಂತ ಕೇಳಿದೆ. ಆ ಅಂಕಲ್ ನಕ್ಕು, "ಮನೇಲಿ ಇದ್ರೆ ನನ್ನ ಮಾತು ಯಾರು ಕೇಳ್ತಾರೆ? ಇಲ್ಲಿ ಹಳದಿ ಬಾವುಟ ತೋರಿಸಿದ್ರೆ ಎಲ್ಲರೂ ನಿಧಾನ ಮಾಡ್ತಾರೆ" ಅಂದರು.

ಮುಂದಿನ ಬಾರಿ ನಾನೂ ತರಬೇತಿಗೆ ಹೆಸರು ಕೊಟ್ಟೆ.

ಮೊದಲು ಬಾವುಟಗಳ ಪಾಠ. ಹಳದಿ ಅಂದರೆ ಮುಂದೆ ಅಪಾಯ, ನಿಧಾನಿಸು, ಯಾರನ್ನೂ ಹಿಂದೆ ಹಾಕಬೇಡ. ನೀಲಿ ಅಂದರೆ ನಿನಗಿಂತ ಜೋರಾಗಿ ಬರುವವರು ಹಿಂದೆ ಇದ್ದಾರೆ. ಹಳದಿ ಕೆಂಪು ಪಟ್ಟೆ ಅಂದರೆ ರಸ್ತೆ ಜಾರುತ್ತದೆ. ಕೆಂಪು ಅಂದರೆ ರೇಸು ನಿಂತಿತು. ಕಪ್ಪು ಬಿಳುಪು ಚೌಕುಳಿ ನಿಮಗೆಲ್ಲ ಗೊತ್ತು, ಮುಗಿಯಿತು ಅಂತ. ಟೀವಿಯಲ್ಲಿ ತೋರಿಸುವುದು ಆ ಒಂದು ಬಾವುಟವನ್ನು ಮಾತ್ರ. ರೇಸನ್ನು ನಡೆಸಿಕೊಂಡು ಹೋಗುವುದು ಮಿಕ್ಕ ಬಾವುಟಗಳು.

ಆಮೇಲೆ ಕೈಗೆ ಕೊಟ್ಟದ್ದು ಪೊರಕೆ! ನಿಜವಾಗಿ. ಟ್ರ್ಯಾಕಿನ ಮೇಲೆ ಮಣ್ಣು, ಕಲ್ಲು ಬಿದ್ದರೆ ಗುಡಿಸಬೇಕು, ಎಣ್ಣೆ ಚೆಲ್ಲಿದರೆ ಪುಡಿ ಹಾಕಿ ಒರೆಸಬೇಕು. ಎಂಟೆಕ್ ಓದಿ, ದಿನವಿಡೀ ಕಂಪ್ಯೂಟರ್ ಮುಂದೆ ಕೂತು, ಭಾನುವಾರ ರೇಸ್ ಟ್ರ್ಯಾಕಿಗೆ ಬಂದು ಕಸ ಗುಡಿಸುತ್ತಿದ್ದೇನೆ ಅಂತ ಊರಿಗೆ ಫೋನ್ ಮಾಡಿ ಹೇಳಿದೆ. ನಮ್ಮಮ್ಮ, "ಮನೇಲಿ ಒಂದು ದಿನ ಗುಡಿಸಿದ್ಯೇನೇ?" ಅಂದರು.

ಮೂರನೆಯದು ನಿಲ್ಲುವ ರೀತಿ. ಒಂದು ತಿರುವಿನಲ್ಲಿ ಬಾವುಟ ಹಿಡಿದು ಇಬ್ಬರು ನಿಲ್ಲುತ್ತಾರೆ. ಒಬ್ಬರು ಬರುವ ಬಂಡಿಗಳನ್ನು ನೋಡುತ್ತಾರೆ, ಇನ್ನೊಬ್ಬರು ದಾಟಿಹೋದ ಬಂಡಿಗಳಿಗೆ ಏನಾಯಿತೆಂದು ನೋಡುತ್ತಾರೆ. ನನ್ನ ಬೆನ್ನ ಹಿಂದಿರುವುದನ್ನು ನೀವು ನೋಡುತ್ತೀರಿ, ನಿಮ್ಮ ಬೆನ್ನ ಹಿಂದಿರುವುದನ್ನು ನಾನು. ನಾನು ಅತ್ತಿತ್ತ ನೋಡಿದರೆ ಅಪಾಯ ನನಗಲ್ಲ, ನಿಮಗೆ. ಅಪ್ಪಣೆ ಇಲ್ಲದೆ ಯಾರೂ ಟ್ರ್ಯಾಕಿಗೆ ಇಳಿಯುವಂತಿಲ್ಲ. ಈ ನಿಯಮದ ಹಿಂದೆ ಸಾವುಗಳಿವೆ. 1977ರಲ್ಲಿ ದಕ್ಷಿಣ ಆಫ್ರಿಕಾದ ಗ್ರಾನ್ ಪ್ರೀಯಲ್ಲಿ ನಿಂತಿದ್ದ ಕಾರಿನ ಬೆಂಕಿ ಆರಿಸಲು ಟ್ರ್ಯಾಕಿಗೆ ಅಡ್ಡ ಓಡಿದ 19 ವರ್ಷದ ಮಾರ್ಷಲ್ ಹುಡುಗನೂ, ಅವನಿಗೆ ಡಿಕ್ಕಿ ಹೊಡೆದ ಕಾರಿನ ಚಾಲಕ ಟಾಮ್ ಪ್ರೈಸ್ ಕೂಡ ಅಲ್ಲೇ ತೀರಿಕೊಂಡರು. ಸಹಾಯ ಮಾಡುವ ಮನಸ್ಸು ಮಾತ್ರ ಇದ್ದರೆ ಸಾಲದು.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಎರಡನೇ ಬಾರಿ ಹೋದಾಗ, ಮಧ್ಯಾಹ್ನದ ಸುಸ್ತಿನಲ್ಲಿ, ಆಫೀಸಿನ ಮೆಸೇಜ್ ಬಂತೆಂದು ಫೋನ್ ತೆಗೆದೆ. ಹತ್ತು ಸೆಕೆಂಡು ಇರಬಹುದು. ಅಷ್ಟರಲ್ಲಿ ನನ್ನ ತಿರುವಿನಲ್ಲಿ ಒಂದು ಕಾರ್ಟ್ ಗಿರಕಿ ಹೊಡೆದು ಅಡ್ಡ ನಿಂತಿತ್ತು. ಜೊತೆಗಿದ್ದ ಅಂಕಲ್ ನನ್ನ ಕೈಯಿಂದ ಬಾವುಟ ಕಿತ್ತುಕೊಂಡು ಬೀಸಿದರು. ಹಿಂದಿನಿಂದ ಬಂದ ಮೂರು ಬಂಡಿಗಳು ನಿಧಾನಿಸಿ ಪಕ್ಕದಲ್ಲಿ ಹೋದವು. ಏನೂ ಆಗಲಿಲ್ಲ. ಅಡ್ಡ ನಿಂತಿದ್ದ ಬಂಡಿಯಲ್ಲಿ ಇದ್ದವನು ಹನ್ನೆರಡು ವರ್ಷದ ಹುಡುಗ. ಅಂಕಲ್ ಬೈಯಲಿಲ್ಲ. "ಕಣ್ಣು ಟ್ರ್ಯಾಕ್ ಮೇಲೆ ಇರಣುಮ್ಮಾ" ಅಂತ ಅಷ್ಟೇ ಹೇಳಿ ಬಾವುಟ ವಾಪಸ್ ಕೈಗೆ ಕೊಟ್ಟರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೈದಿದ್ದರೆ ಬಹುಶಃ ನಾನು ಮತ್ತೆ ಹೋಗುತ್ತಿರಲಿಲ್ಲ. ಬಾವುಟ ವಾಪಸ್ ಕೊಟ್ಟರಲ್ಲ, ಅದಕ್ಕೇ ಹೋದೆ.

ಈಗ ನಾನು ಹೆಚ್ಚಾಗಿ ಇರುವುದು ಸ್ಟಾರ್ಟ್ ಆಗುವ ಜಾಗದಲ್ಲಿ. ನನ್ನ ಕೆಲಸ ಕೂದಲು ನೋಡುವುದು. ನಗಬೇಡಿ. 2018ರ ಫೆಬ್ರವರಿಯಲ್ಲಿ ಹರಿಯಾಣದ ಪಿಂಜೋರಿನಲ್ಲಿ, 2020ರ ಅಕ್ಟೋಬರಿನಲ್ಲಿ ಹೈದರಾಬಾದಿನಲ್ಲಿ, ಗೋ-ಕಾರ್ಟಿನಲ್ಲಿ ಕುಳಿತಿದ್ದ ಇಬ್ಬರು ಯುವತಿಯರು ಕೂದಲು ಚಕ್ರಕ್ಕೆ ಸಿಕ್ಕಿ ಪ್ರಾಣ ಕಳೆದುಕೊಂಡರು. ರೇಸು ಓಡಿಸಲು ಹೋದವರಲ್ಲ ಅವರು, ನಮ್ಮ ಹಾಗೆ ರಜೆಯ ದಿನ ಮೋಜಿಗೆ ಹೋದವರು. ಕಾರ್ಟಿನ ಇಂಜಿನ್, ತಿರುಗುವ ಆಕ್ಸಲ್ ಎಲ್ಲವೂ ನಮ್ಮ ಬೆನ್ನಿಗೆ ತಾಗಿದಂತೆ ತೆರೆದೇ ಇರುತ್ತವೆ. ಹೆಲ್ಮೆಟ್ಟಿನಿಂದ ಹೊರಗೆ ಇಳಿಬಿಟ್ಟ ಜಡೆ, ದುಪಟ್ಟಾ, ಸೆರಗು, ಒಂದು ಸುತ್ತು ಸಿಕ್ಕಿಕೊಂಡರೆ ಸಾಕು. ಆದ್ದರಿಂದ ಇಲ್ಲಿರುವ ತಾಯಂದಿರಿಗೆ ಒಂದು ಮಾತು. ಮಕ್ಕಳನ್ನು ಬಾಡಿಗೆ ಕಾರ್ಟ್ ಓಡಿಸಲು ಕರೆದುಕೊಂಡು ಹೋದಾಗ, ಜಡೆ ತುರುಬು ಕಟ್ಟಿ ಅಂಗಿಯೊಳಗೆ ಸೇರಿಸಿ, ಮೇಲೆ ಬಟ್ಟೆಯ ಮುಸುಕು ಹಾಕಿ, ಹೆಲ್ಮೆಟ್ಟಿನ ಪಟ್ಟಿ ಗದ್ದದ ಕೆಳಗೆ ಬಿಗಿಯಾಗಿದೆಯೇ ಎಂದು ನೀವೇ ಎಳೆದು ನೋಡಿ. ದುಪಟ್ಟಾ, ಸ್ಟೋಲ್ ನಿಮ್ಮ ಕೈಯಲ್ಲಿರಲಿ. ಅಲ್ಲಿನವರು ಇದನ್ನೆಲ್ಲ ನೋಡದೆ ಬಂಡಿ ಕೊಟ್ಟರೆ ದುಡ್ಡು ಹೋದರೂ ಪರವಾಗಿಲ್ಲ, ವಾಪಸ್ ಬನ್ನಿ.

ಮಾರ್ಷಲ್‌ಗಳಿದ್ದರೆ ಎಲ್ಲರೂ ಉಳಿಯುತ್ತಾರೆ ಎಂದು ನಾನು ಹೇಳುವುದಿಲ್ಲ. 2023ರ ಆಗಸ್ಟಿನಲ್ಲಿ ಬೆಂಗಳೂರಿನ 13 ವರ್ಷದ ಹುಡುಗನೊಬ್ಬ ಇದೇ ಇರುಂಗಾಟ್ಟುಕೋಟ್ಟೈನಲ್ಲಿ ಬೈಕ್ ರೇಸಿನಲ್ಲಿ ಬಿದ್ದು ತೀರಿಕೊಂಡ. ಆ ಸುದ್ದಿ ಬಂದ ದಿನ ನನ್ನ ಅಕ್ಕ ಫೋನ್ ಮಾಡಿ, "ನನ್ನ ಮಗನ್ನ ಇನ್ನು ಆ ಕಡೆ ಕರ್ಕೊಂಡು ಹೋಗ್ಬೇಡ" ಅಂದಳು. ನಾನು ಎದುರಾಡಲಿಲ್ಲ. ಅವಳ ಭಯ ಸರಿಯೇ. ಆದರೆ ನಾನು ಹೋಗುವುದನ್ನು ಬಿಡಲಿಲ್ಲ. ಅಪಾಯ ಇರುವ ಕಡೆಯಲ್ಲೇ ಅಲ್ಲವೇ ಕಣ್ಣಿಟ್ಟು ನೋಡುವವರು ಬೇಕಾಗಿರುವುದು?

ಈಗ ನಮ್ಮ ವಿಷಯಕ್ಕೆ ಬರುತ್ತೇನೆ. 2015ರ ಡಿಸೆಂಬರಿನ ಪ್ರವಾಹ ನೆನಪಿಸಿಕೊಳ್ಳಿ. ಕರೆಂಟಿಲ್ಲ, ಫೋನಿಲ್ಲ, ಆದರೂ ಈ ಊರಿನ ಮನೆ ಮನೆಗಳಲ್ಲಿ ಚಿತ್ರಾನ್ನ, ಪುಳಿಯೋಗರೆ ಕಟ್ಟಿ ಕಳಿಸಿದರು. ಯಾರೂ ಕರೆಯಬೇಕಾಗಿರಲಿಲ್ಲ. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ಬಂದಾಗಲೂ ಹಾಗೆಯೇ. ಅಂದರೆ ಜನಕ್ಕೆ ಮನಸ್ಸಿಲ್ಲ ಅನ್ನುವುದು ಸುಳ್ಳು. ಹಾಗಿದ್ದ ಮೇಲೆ ನಮ್ಮ ರಾಜ್ಯೋತ್ಸವಕ್ಕೆ, ಮಕ್ಕಳ ಕನ್ನಡ ತರಗತಿಗೆ ಪ್ರತಿ ವರ್ಷ ಅದೇ ಐದಾರು ಜನ ಯಾಕೆ? ಇವತ್ತು ಬೆಳಗ್ಗೆ ಇಲ್ಲಿ ರಂಗೋಲಿ ಹಾಕಿದ ಅಕ್ಕ ಕಳೆದ ವರ್ಷವೂ ಹಾಕಿದ್ದರು, ಕುರ್ಚಿ ಎಣಿಸಿದ್ದರು, ಊಟ ಮಾತ್ರ ಮೂರು ಗಂಟೆಗೆ ಮಾಡಿದ್ದರು. ಈ ವರ್ಷ ಅವರಿಗೆ ಮಂಡಿ ನೋವು. ಮುಂದಿನ ವರ್ಷ ಅವರು "ಆಗಲ್ಲಮ್ಮ" ಅಂದರೆ ನಾವು ಏನು ಮಾಡುತ್ತೇವೆ?

ಟ್ರ್ಯಾಕಿನಲ್ಲಿ ನಾನು ಕಲಿತದ್ದು ಹೀಗೆ. ಅಲ್ಲಿ ಯಾರೂ "ಬಂದು ಸಹಾಯ ಮಾಡಿ" ಅಂತ ಕರೆಯುವುದಿಲ್ಲ. "ಏಳನೇ ತಿರುವು, ನೀಲಿ ಬಾವುಟ, ಇಷ್ಟು ಗಂಟೆಯಿಂದ ಇಷ್ಟು ಗಂಟೆ" ಅಂತ ಹೇಳುತ್ತಾರೆ. ಕೆಲಸಕ್ಕೆ ಅಳತೆ ಇದ್ದರೆ ಹೊಸಬರಿಗೆ ಹೆದರಿಕೆ ಇರುವುದಿಲ್ಲ. ಹೊಸಬರನ್ನು ಒಂಟಿಯಾಗಿ ನಿಲ್ಲಿಸುವುದಿಲ್ಲ, ಪಕ್ಕದಲ್ಲಿ ಹಳಬರೊಬ್ಬರು ಇದ್ದೇ ಇರುತ್ತಾರೆ. ತಪ್ಪು ಮಾಡಿದರೆ ಬಾವುಟ ಕಿತ್ತುಕೊಂಡರೂ ವಾಪಸ್ ಕೊಡುತ್ತಾರೆ. ಊಟ ನಾವಿರುವ ಕಡೆಗೇ ಬರುತ್ತದೆ. ನಾವು ತಿನ್ನುವಾಗ ಬದಲಿಗೆ ನಿಲ್ಲಲು ಒಬ್ಬರು ಬರುತ್ತಾರೆ.

ನಮ್ಮಲ್ಲಿ ಏನಾಗುತ್ತದೆ? ವಾಟ್ಸಾಪ್ ಗುಂಪಿನಲ್ಲಿ "ಎಲ್ಲರೂ ಬೇಗ ಬಂದು ಕೈಜೋಡಿಸಿ" ಅಂತ ಹಾಕುತ್ತೇವೆ. ನಲವತ್ತು ಜನ ಕೈಮುಗಿಯುವ ಚಿತ್ರ ಕಳಿಸುತ್ತಾರೆ, ನಾಲ್ಕು ಜನ ಬರುತ್ತಾರೆ. ಹೊಸದಾಗಿ ಬಂದ ಹುಡುಗಿಗೆ ಯಾರನ್ನು ಕೇಳಬೇಕೆಂದು ಗೊತ್ತಾಗದೆ ಗೋಡೆ ಪಕ್ಕ ನಿಂತು ಹೋಗುತ್ತಾಳೆ. ಈ ಊರಿಗೆ ಬಂದ ಮೊದಲ ವರ್ಷ ನಾನೂ ಒಂದು ಕಾರ್ಯಕ್ರಮದಲ್ಲಿ ಹಾಗೆ ನಿಂತು ವಾಪಸ್ ಹೋದವಳೇ.

ಆದ್ದರಿಂದ ನನ್ನ ಕೋರಿಕೆ ಚಿಕ್ಕದು. ಮುಂದಿನ ಕಾರ್ಯಕ್ರಮಕ್ಕೆ ಎಲ್ಲ ಕೆಲಸಗಳನ್ನೂ ಒಂದು ಹಾಳೆಯಲ್ಲಿ ಬರೆಯೋಣ. ಒಂದೊಂದಕ್ಕೂ ಒಬ್ಬ ಹಳಬರು, ಒಬ್ಬ ಹೊಸಬರು, ಎರಡು ಗಂಟೆ ಮಾತ್ರ. ಆಮೇಲೆ ಬದಲಿ. ಪಟ್ಟಿ ಮಾಡುವ ಕೆಲಸ ನನ್ನದು. ಹೊಸದಾಗಿ ಬರುವವರಿಗೆ ಪೊರಕೆ ಕೊಟ್ಟರೂ ಚಿಂತೆಯಿಲ್ಲ, ಕೆಲಸ ಯಾವುದು ಅಂತ ಮಾತ್ರ ಹೇಳೋಣ.

ಕಾರ್ಯದರ್ಶಿ ಅಕ್ಕ ಗಡಿಯಾರ ನೋಡುತ್ತಿದ್ದಾರೆ. ಚೌಕುಳಿ ಬಾವುಟ ಬಂತು ಅಂತ ಅರ್ಥ. ಕೊನೆಗೆ ಒಂದೇ ಮಾತು. ಇವತ್ತು ಮೊದಲ ಪಂಕ್ತಿಯಲ್ಲಿ, ಹಿಂದಿನ ಕೋಣೆಯಲ್ಲಿರುವವರು ಊಟಕ್ಕೆ ಕೂರಲಿ. ಬಡಿಸಲು ನಾನು ಬರುತ್ತೇನೆ. ನನ್ನ ಜೊತೆಗೆ ಇನ್ನು ಐದು ಜನ ಬೇಕು, ಒಂದು ಗಂಟೆಯ ಕೆಲಸ. ಕೈ ಎತ್ತಿ ನೋಡೋಣ.

ಸಿರಿಗನ್ನಡಂ ಗೆಲ್ಗೆ.