ಕಿರುಬೆರಳಿನ ಶಾಯಿ

ಪಲ್ಸ್ ಪೋಲಿಯೊ ಭಾನುವಾರಗಳು ನೆನಪಿವೆಯೇ? ತಣ್ಣಗಿನ ಲಸಿಕೆ ಪೆಟ್ಟಿಗೆ, ಮಗುವಿನ ಬಾಯಿಗೆ ಎರಡು ಹನಿ, ಎಡಗೈ ಕಿರುಬೆರಳಿಗೆ ಶಾಯಿ. ಮಂಗಳೂರಿನ ಕೊಡಿಯಾಲ್‌ಬೈಲ್‌ನಂಥ ಬಡಾವಣೆಗಳ ಬೂತುಗಳನ್ನು ನೆನೆದರೆ, ವಾರವಿಡೀ ಅಂಗಡಿ, ಕೋರ್ಟು ಎಂದು ಓಡಾಡಿ ರಜೆಯ ದಿನವನ್ನೂ ಊರಿಗೆ ಕೊಟ್ಟ ಸೇವಾ ಕ್ಲಬ್ಬಿನವರು ನೆನಪಾಗುತ್ತಾರೆ.

ಅಂಥ ಸೇವಾ ಕ್ಲಬ್ಬುಗಳ ಸಂಸ್ಥೆಯಾದ ರೋಟರಿ 1985ರಲ್ಲಿ ಪೋಲಿಯೊ ವಿರುದ್ಧ ಜಗತ್ತಿನಾದ್ಯಂತ ದೇಣಿಗೆ ಎತ್ತಲು ಹೊರಟಿತು. ಭಾರತದ ಕೊನೆಯ ವೈಲ್ಡ್ ಪೋಲಿಯೊ ಪ್ರಕರಣ 2011ರ ಜನವರಿಯದು. 2014ರ ಮಾರ್ಚ್ 27ರಂದು ಭಾರತವೂ ಸೇರಿದ ವಿಶ್ವ ಆರೋಗ್ಯ ಸಂಸ್ಥೆಯ ಇಡೀ ಆಗ್ನೇಯ ಏಷ್ಯಾ ವಲಯವೇ ಪೋಲಿಯೊಮುಕ್ತವೆಂದು ಘೋಷಣೆಯಾಯಿತು.

ದೇಣಿಗೆ ಬೇಕು, ನಿಜ. ನನಗೆ ಇನ್ನೂ ದೊಡ್ಡದೆನಿಸುವುದು ಬೂತಿನ ಮರುದಿನದ ಕೆಲಸ. ಬೂತಿಗೆ ಬಾರದ ಮಗುವನ್ನು ಹುಡುಕಿ ಹೋಗುವುದು, ‘ಇಲ್ಲಡ್ ಎಲ್ಯ ಬಾಲೆ ಉಂಡಾ?’ (ಮನೆಯಲ್ಲಿ ಪುಟ್ಟ ಮಗು ಇದೆಯೇ?) ಎಂದು ತುಳುವಿನಲ್ಲಿ ಕೇಳುವುದು, ಹನಿ ಹಾಕಿ ಗೋಡೆಯ ಮೇಲೆ ಸೀಮೆಸುಣ್ಣದಿಂದ ಗುರುತು ಬರೆದು ಮುಂದಿನ ಮನೆಯ ಮೆಟ್ಟಿಲು ಹತ್ತುವುದು.